ಕಚೇರಿ ಮುಗಿಸಿ ಕಾಲೇಜಿಗೆ

ಓದುವುದು ಹುಡುಗರ ಕೆಲಸ, ದುಡಿಯುವುದು ದೊಡ್ಡವರ ಕೆಲಸ ಎಂಬುದು ನಮ್ಮಲ್ಲಿ ಬಹುಮಂದಿಯ ಎಣಿಕೆ. ಬಿ.ಎ. ಮುಗಿಸಿ, ಕೇಂದ್ರ ಸರಕಾರದ ಪರೀಕ್ಷೆಯೊಂದರಲ್ಲಿ ತೇರ್ಗಡೆಯಾಗಿ, ಮುಂಬಯಿಯ ಕಚೇರಿಯೊಂದರಲ್ಲಿ ಗುಮಾಸ್ತರ ಕುರ್ಚಿ ಹಿಡಿದ ಮೇಲೆ ಪಠ್ಯಪುಸ್ತಕಕ್ಕೂ ನಮಗೂ ಇದ್ದ ಋಣ ತೀರಿತೆಂದೇ ನಾವೂ ತಿಳಿದಿದ್ದೆವು. ಆದರೆ ಮೂವತ್ತೆರಡರ ವಯಸ್ಸಿನಲ್ಲಿ ಮತ್ತೆ ಶುಲ್ಕ ಕಟ್ಟಿ, ಬೆಂಚಿನ ಮೇಲೆ ಕುಳಿತು, ಮೂರೂವರೆ ವರ್ಷ ಸಂಜೆಯ ತರಗತಿಗಳಿಗೆ ಓಡಾಡಿ, ಈಗ ವ್ಯವಹಾರಾಡಳಿತದ ಸ್ನಾತಕೋತ್ತರ ಪದವಿಯೊಂದನ್ನು ಪಡೆದಿದ್ದೇವೆ. ನೌಕರಿಯಲ್ಲಿದ್ದುಕೊಂಡೇ ಪಡೆಯುವ ಈ ಬಗೆಯ ಪದವಿಗೆ ‘ಎಕ್ಸಿಕ್ಯುಟಿವ್ ಎಂ.ಬಿ.ಎ.’ ಎಂಬ ಹೆಸರು ರೂಢಿಯಾಗಿದೆ. ಎಕ್ಸಿಕ್ಯುಟಿವ್ ಎಂದರೆ ಅಧಿಕಾರವುಳ್ಳ ಕಾರ್ಯನಿರ್ವಾಹಕ. ನಮ್ಮ ಅಧಿಕಾರವೆಲ್ಲ ಒಂದು ರಬ್ಬರು ಮೊಹರು, ಒಂದು ಸ್ಟೇಪ್ಲರು, ಇವೆರಡರ ಮೇಲಿನದು. ಆದರೂ ಹೆಸರು ಹೆಸರೇ ಸರಿ.

ಸಂಘದ ಭಾನುವಾರದ ಕೂಟಗಳಲ್ಲಿ ಮಿತ್ರರು ನಮ್ಮನ್ನು ಮೂರು ಪ್ರಶ್ನೆ ಕೇಳುತ್ತಾರೆ. ಎಷ್ಟು ಖರ್ಚಾಯಿತು? ಸಂಬಳ ಎಷ್ಟು ಏರಿತು? ನಮ್ಮ ಹುಡುಗನನ್ನೂ ಸೊಸೆಯನ್ನೂ ಸೇರಿಸಬಹುದೆ? ಮೂರೂ ನ್ಯಾಯವಾದ ಪ್ರಶ್ನೆಗಳೇ. ಹೊರನಾಡಿನಲ್ಲಿ ಬಾಡಿಗೆ ಮನೆಯಲ್ಲೋ ಸಾಲದ ಮನೆಯಲ್ಲೋ ಇದ್ದುಕೊಂಡು, ಊರಿಗೂ ಒಂದಿಷ್ಟು ಹಣ ಕಳುಹಿಸುತ್ತ ಸಂಸಾರ ತೂಗಿಸುವವರು ಲೆಕ್ಕ ಕೇಳದೆ ಮತ್ತಾರು ಕೇಳಬೇಕು? ಕೂಟದ ಗದ್ದಲದಲ್ಲಿ ಅರ್ಧ ಮಾತಿನ ಉತ್ತರ ಕೊಡುವುದಕ್ಕಿಂತ, ಈ ಪತ್ರಿಕೆಯಲ್ಲಿ ವಿವರವಾಗಿಯೇ ಬರೆಯುವುದು ಲೇಸೆಂದು ತೋರಿತು.

ಈ ಪದವಿಯ ಹಿನ್ನೆಲೆ

ವ್ಯಾಪಾರವನ್ನು ಕಾಲೇಜಿನಲ್ಲಿ ಕಲಿಸುವ ಪದ್ಧತಿ ಅಮೆರಿಕದಿಂದ ಬಂದುದು. ಹಾರ್ವರ್ಡ್ ವಿಶ್ವವಿದ್ಯಾಲಯವು 1908ರಲ್ಲಿ ಎಂ.ಬಿ.ಎ. ಪಾಠಕ್ರಮವನ್ನು ಆರಂಭಿಸಿತು. ಆದರೆ ಅದು ಕೆಲಸಕ್ಕೆ ಸೇರುವ ಮೊದಲು ಓದತಕ್ಕ ಯುವಕರಿಗಾಗಿ ಇದ್ದದ್ದು. ಆಗಲೇ ಹುದ್ದೆಯಲ್ಲಿದ್ದವರಿಗೆಂದು ಪ್ರತ್ಯೇಕವಾದ ಎಂ.ಬಿ.ಎ.ಯನ್ನು ಮೊದಲು ತೆರೆದದ್ದು ಶಿಕಾಗೋ ವಿಶ್ವವಿದ್ಯಾಲಯ, 1943ರಲ್ಲಿ. ಎರಡನೆಯ ಮಹಾಯುದ್ಧದ ಆ ಕಾಲದಲ್ಲಿ ಕಾರಖಾನೆಗಳಿಗೆ ಆಡಳಿತ ಬಲ್ಲವರು ಬೇಕಾಗಿದ್ದರು. ಇದ್ದವರನ್ನು ಕೆಲಸ ಬಿಡಿಸಿ ಎರಡು ವರ್ಷ ಕಾಲೇಜಿಗೆ ಕಳುಹಿಸುವ ಮಾತೇ ಇರಲಿಲ್ಲ. ಕೆಲಸವೂ ನಡೆಯಬೇಕು, ಓದೂ ನಡೆಯಬೇಕು ಎಂಬ ಏರ್ಪಾಡು ಹೀಗೆ ಬೆಳೆಯಿತು.

ನಮ್ಮ ದೇಶದಲ್ಲಿ 1953ರಲ್ಲಿ ಕಲಕತ್ತೆಯಲ್ಲಿ ಸಮಾಜ ಕಲ್ಯಾಣ ಹಾಗೂ ವ್ಯವಹಾರಾಡಳಿತದ ಸಂಸ್ಥೆಯೊಂದು ಹುಟ್ಟಿತು. 1961ರಲ್ಲಿ ಕಲಕತ್ತೆ ಮತ್ತು ಅಹಮದಾಬಾದುಗಳಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟುಗಳು ತಲೆಯೆತ್ತಿದವು. 1965ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಜಮನಾಲಾಲ್ ಬಜಾಜ್ ಸಂಸ್ಥೆ, 1973ರಲ್ಲಿ ಬೆಂಗಳೂರಿನ ಐ.ಐ.ಎಂ. ಬಂದವು. 1985ರಲ್ಲಿ ಸ್ಥಾಪಿತವಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು 1987ರಲ್ಲಿ ಪಾಠ ತೊಡಗಿದಾಗ ಅದರ ಮೊದಲ ಎರಡು ಪಾಠಕ್ರಮಗಳಲ್ಲಿ ಒಂದು ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಎಂಬುದು ಗಮನಿಸತಕ್ಕ ಸಂಗತಿ. ಮನೆಯಲ್ಲಿ ಕುಳಿತು ಓದುವ ನೌಕರವರ್ಗಕ್ಕೆ ಮೊದಲು ಬೇಕಾದದ್ದು ಏನೆಂಬುದನ್ನು ಅದು ಅರಿತಿತ್ತು.

ಇವೆಲ್ಲ ದೊಡ್ಡ ಹೆಸರುಗಳಾದುವು. ಆದರೆ ಹಗಲು ದುಡಿದು ರಾತ್ರಿ ಓದುವುದನ್ನು ಮುಂಬಯಿಯ ಕನ್ನಡಿಗರಿಗೆ ಅಮೆರಿಕದವರು ಕಲಿಸಬೇಕಾಗಿರಲಿಲ್ಲ. ದಕ್ಷಿಣ ಕನ್ನಡದಿಂದ ಬರಿಗೈಯಲ್ಲಿ ಹಡಗೋ ಬಸ್ಸೋ ಹತ್ತಿ ಬಂದ ಹುಡುಗರು ಹಗಲೆಲ್ಲ ಹೋಟೆಲುಗಳಲ್ಲಿ ಕಪ್ಪುಬಸಿ ತೊಳೆದು, ರಾತ್ರಿ ಕೋಟೆ ಭಾಗದ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತು, ಮೆಟ್ರಿಕ್ ಮುಗಿಸಿ, ಮುಂದೆ ವಕೀಲರಾಗಿ, ಬ್ಯಾಂಕಿನ ಅಧಿಕಾರಿಗಳಾಗಿ, ಹೋಟೆಲಿನ ಒಡೆಯರಾಗಿ ಬಾಳಿದ ಕಥೆ ನಮ್ಮ ಹಿರಿಯರಿಗೆಲ್ಲ ತಿಳಿದದ್ದೇ. ಡಾ. ಅಂಬೇಡ್ಕರರು 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜನ್ನು ತೆರೆದಾಗ, ದುಡಿಯುವವರಿಗೂ ಒದಗಲೆಂದು ಬೆಳಗಿನ ಹೊತ್ತಿನಲ್ಲೇ ತರಗತಿಗಳನ್ನು ಇರಿಸಿದರು. ನಮ್ಮ ಪದವಿ ಈ ಹಳೆಯ ಮಾಲೆಯ ಒಂದು ಹೊಸ ಮಣಿ, ಅಷ್ಟೇ. ಅವರ ಕಷ್ಟದ ಮುಂದೆ ನಮ್ಮದು ದೊಡ್ಡದೇನಲ್ಲ.

ದಿನಚರಿ

ನಾವಿರುವುದು ಡೊಂಬಿವಲಿಯಲ್ಲಿ. ಕಚೇರಿ ಇರುವುದು ಕೋಟೆಯಲ್ಲಿ. ಲೋಕಲ್ ಗಾಡಿಯ ಪಯಣ ಒಂದೊಂದು ಕಡೆಗೂ ಒಂದು ಗಂಟೆಗೆ ಮಿಕ್ಕಿದ್ದು. ವಾರದಲ್ಲಿ ಮೂರು ದಿನ ಕಚೇರಿ ಬಿಟ್ಟು, ಒಂದು ಗ್ಲಾಸು ಚಹಾ ಕುಡಿದು, ಏಳಕ್ಕೆ ತರಗತಿಗೆ ಹೋದರೆ ಒಂಬತ್ತೂ ಕಾಲಿಗೆ ಬಿಡುಗಡೆ. ಮನೆ ಸೇರುವಾಗ ಹನ್ನೊಂದು. ಶನಿವಾರ ಮಧ್ಯಾಹ್ನದಿಂದ ಸಂಜೆಯ ತನಕ ಮತ್ತೆ ತರಗತಿ. ಓದಿಗೆ ದೊರೆತ ಹೊತ್ತೆಂದರೆ ಬೆಳಗಿನ ರೈಲು. ಡೊಂಬಿವಲಿಯಿಂದಲೇ ಹೊರಡುವ ಗಾಡಿಯಾದರೆ ಕುಳಿತುಕೊಳ್ಳಲು ಜಾಗ ಸಿಕ್ಕೀತು. ಒಂದು ಮೂಲೆಯಲ್ಲಿ ಭಜನೆಯ ಮಂಡಲಿಯವರ ತಾಳ, ಇನ್ನೊಂದು ಮೂಲೆಯಲ್ಲಿ ಇಸ್ಪೀಟು, ನಡುವೆ ನಮ್ಮ ಲೆಕ್ಕಶಾಸ್ತ್ರ. ಅಭ್ಯಾಸವಾದ ಮೇಲೆ ತಾಳವಿಲ್ಲದೆ ಲೆಕ್ಕ ತಲೆಗೆ ಹತ್ತದಂತಾಯಿತು.

ತರಗತಿಯಲ್ಲಿ ನಾವು ನಲವತ್ತು ಮಂದಿ. ಔಷಧ ಕಂಪೆನಿಯ ಮಾರಾಟಗಾರರು, ಬ್ಯಾಂಕಿನವರು, ಎಂಜಿನಿಯರುಗಳು, ಆಸ್ಪತ್ರೆಯೊಂದರ ಹಿರಿಯ ದಾದಿ, ಮಾಟುಂಗದ ಉಡುಪಿ ಹೋಟೆಲೊಂದರ ಮಾಲಿಕರ ಮಗ. ಸರಕಾರಿ ಗುಮಾಸ್ತರು ನಾವೊಬ್ಬರೇ. ಪಾಠವೆಲ್ಲ ಇಂಗ್ಲಿಷಿನಲ್ಲಿ. ಜಿಲ್ಲೆಯ ಸಣ್ಣ ಊರಿನ ಕಾಲೇಜಿನಲ್ಲಿ ಕನ್ನಡದಲ್ಲೇ ಇತಿಹಾಸ, ಅರ್ಥಶಾಸ್ತ್ರ ಓದಿದ್ದ ನಮಗೆ ಮೊದಲ ತಿಂಗಳು ಕಿವಿಗೆ ಬಿದ್ದದ್ದು ಬುದ್ಧಿಗೆ ಇಳಿಯುತ್ತಿರಲಿಲ್ಲ. ಅದಕ್ಕೊಂದು ಉಪಾಯ ತಾನಾಗಿಯೇ ಒದಗಿತು. ರಾತ್ರಿ ಊಟಕ್ಕೆ ಕುಳಿತಾಗ ‘ಇವತ್ತು ಏನು ಹೇಳಿಕೊಟ್ಟರು?’ ಎಂದು ನಮ್ಮ ಮನೆಯವರು ಕೇಳುವರು. ಅವರು ಧಾರವಾಡದ ಕಡೆಯವರು, ಬಿ.ಎಸ್‌ಸಿ. ಪದವೀಧರೆ, ಗಣಿತದಲ್ಲಿ ನಮಗಿಂತ ಗಟ್ಟಿಗರು. ಅವರಿಗೆ ಕನ್ನಡದಲ್ಲಿ ಬಿಡಿಸಿ ಹೇಳುವ ಹೊತ್ತಿಗೆ, ತರಗತಿಯಲ್ಲಿ ಅರ್ಥವಾಗದ್ದು ನಮಗೇ ಅರ್ಥವಾಗುತ್ತಿತ್ತು. ಕನ್ನಡದಲ್ಲಿ ಹೇಳಲಾಗದ ಮಾತನ್ನು ನಾವು ತಿಳಿದಿಲ್ಲವೆಂದೇ ಇಟ್ಟುಕೊಂಡು ಮಾರನೆಯ ದಿನ ರೈಲಿನಲ್ಲಿ ಅದನ್ನೇ ಮತ್ತೆ ಓದುತ್ತಿದ್ದೆವು.

ಕಲಿತದ್ದರಲ್ಲಿ ಕೆಲವು

ಮೂರು ವರ್ಷದ ಪಾಠವನ್ನೆಲ್ಲ ಇಲ್ಲಿ ಹೇಳಹೊರಟರೆ ಸಂಪಾದಕರು ಕತ್ತರಿ ಹಿಡಿಯುವುದು ನಿಶ್ಚಯ. ಸಂಸಾರಸ್ಥರಿಗೂ ಉಪಯೋಗಕ್ಕೆ ಬರತಕ್ಕ ನಾಲ್ಕು ಮಾತು ಮಾತ್ರ ಬರೆಯುತ್ತೇವೆ.

ಮೊದಲನೆಯದು 72ರ ಸೂತ್ರ. ಚಕ್ರಬಡ್ಡಿಯಲ್ಲಿ ಇಟ್ಟ ಹಣ ಎಷ್ಟು ವರ್ಷಕ್ಕೆ ಇಮ್ಮಡಿಯಾಗುತ್ತದೆಂದು ತಿಳಿಯಲು 72ನ್ನು ಬಡ್ಡಿಯ ದರದಿಂದ ಭಾಗಿಸಬೇಕು. ನೂರಕ್ಕೆ 8ರಂತೆ ಆದರೆ 9 ವರ್ಷ. ಇದು ಸುಮಾರಿನ ಲೆಕ್ಕ, ಆದರೂ ನಿಜಕ್ಕೆ ಬಹಳ ಹತ್ತಿರ. ಇದನ್ನೇ ತಿರುಗಿಸಿ ನೋಡಿದರೆ ಇನ್ನೂ ಉಪಯೋಗ. ಯಾವನಾದರೂ ಮನೆಗೆ ಬಂದು ‘ಮೂರೇ ವರ್ಷದಲ್ಲಿ ದುಪ್ಪಟ್ಟು’ ಎಂದರೆ, 72ನ್ನು 3ರಿಂದ ಭಾಗಿಸಿ; ವರ್ಷಕ್ಕೆ ನೂರಕ್ಕೆ 24ರ ಬಡ್ಡಿಯನ್ನು ಆತ ಕೊಡುತ್ತೇನೆನ್ನುತ್ತಾನೆ. ಬ್ಯಾಂಕು ಕೊಡದ ಬಡ್ಡಿಯನ್ನು ಈತ ಎಲ್ಲಿಂದ ತಂದಾನು ಎಂದು ಕೇಳಿಕೊಂಡರೆ ಸಾಕು, ಚಹಾ ಕೊಟ್ಟು ಕಳುಹಿಸಿಬಿಡಬಹುದು.

ಎರಡನೆಯದು ನಷ್ಟವೂ ಇಲ್ಲದ ಲಾಭವೂ ಇಲ್ಲದ ಮಟ್ಟವನ್ನು ಕಂಡುಹಿಡಿಯುವುದು. ಪ್ರಾಧ್ಯಾಪಕರು ಇದಕ್ಕೆ ಮೋಟಾರು ಕಾರಖಾನೆಯ ಉದಾಹರಣೆ ಕೊಟ್ಟರು. ನಮ್ಮ ಮಾಟುಂಗದ ಮಿತ್ರ ಅದನ್ನೇ ಇಡ್ಲಿಯಲ್ಲಿ ತೋರಿಸಿಕೊಟ್ಟ. ಒಂದು ಸಣ್ಣ ಹೋಟೆಲಿಗೆ ಬಾಡಿಗೆ, ಸಂಬಳ, ದೀಪದ ಖರ್ಚು ಎಲ್ಲ ಸೇರಿ ದಿನಕ್ಕೆ 3,600 ರೂಪಾಯಿ ಎನ್ನಿ. ಗಿರಾಕಿ ಬರಲಿ ಬಾರದಿರಲಿ, ಇದು ತಪ್ಪದು. ಇಡ್ಲಿಯ ತಟ್ಟೆ 40 ರೂಪಾಯಿ; ಅಕ್ಕಿ, ಉದ್ದು, ಕಾಯಿ, ಗ್ಯಾಸಿಗೆ 22 ಹೋಗುತ್ತದೆ; ಉಳಿಯುವುದು 18. ಮೂರು ಸಾವಿರದ ಆರುನೂರನ್ನು 18ರಿಂದ ಭಾಗಿಸಿದರೆ 200. ಇನ್ನೂರನೆಯ ತಟ್ಟೆಯ ತನಕ ಮಾಲಿಕ ದುಡಿಯುವುದು ಬಾಡಿಗೆಗೆ, ಸಂಬಳಕ್ಕೆ. ಇನ್ನೂರ ಒಂದನೆಯದರಿಂದ ತನಗೆ. ಬರಿಯ ಗಲ್ಲಾಪೆಟ್ಟಿಗೆ ನೋಡಿ ‘ಹೋಟೆಲಿಟ್ಟರೆ ಹಣವೇ ಹಣ’ ಎನ್ನುವವರು ಈ ಲೆಕ್ಕ ಹಾಕಿ ನೋಡತಕ್ಕದ್ದು.

ಮೂರನೆಯದು, ಕೆಲಸವನ್ನು ಹಂಚುವುದು. ‘ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು’ ಎಂಬುದು ನಮ್ಮ ಗಾದೆ. ಫ್ರಾನ್ಸಿನಲ್ಲಿ ಗಣಿಗಳ ಆಡಳಿತ ನಡೆಸಿದ ಆನ್ರಿ ಫಯೋಲ್ ಎಂಬವರು 1916ರಲ್ಲಿ ಆಡಳಿತದ 14 ತತ್ತ್ವಗಳನ್ನು ಬರೆದರು. ಅವುಗಳಲ್ಲಿ ಮೊದಲನೆಯದೇ ಕೆಲಸದ ವಿಭಜನೆ. ಗಾದೆಗೂ ಫಯೋಲರಿಗೂ ಜಗಳವೆಂದು ತೋರಬಹುದು. ಇವರಿಬ್ಬರಿಗೂ ರಾಜಿ ಮಾಡಿಸುವವರನ್ನು ಮುಂಬಯಿಯಲ್ಲಿ ದಿನವೂ ಕಾಣುತ್ತೇವೆ, ಅವರೇ ಡಬ್ಬಾವಾಲರು. 1890ರ ಸುಮಾರಿಗೆ ಆರಂಭವಾದ ಅವರ ಏರ್ಪಾಡಿನಲ್ಲಿ ಒಂದು ಡಬ್ಬಿ ಹಲವು ಕೈ ದಾಟುತ್ತದೆ. ಮುಚ್ಚಳದ ಮೇಲಿನ ಗುರುತೇ ಎಲ್ಲರಿಗೂ ಆದೇಶ. ಹೇಳುವುದು ಸ್ಪಷ್ಟವಾಗಿದ್ದರೆ ಇನ್ನೊಬ್ಬರು ಮಾಡಿದ್ದೂ ಹಾಳಾಗದು. ಈ ಡಬ್ಬಾವಾಲರ ಮೇಲೆ ಹಾರ್ವರ್ಡಿನವರು 2010ರಲ್ಲಿ ಒಂದು ಪಾಠವನ್ನೇ ಬರೆದರು. ನಾವು ಅದನ್ನು ಓದುತ್ತಿದ್ದ ಕಾಲದಲ್ಲಿ, ಸಹೋದ್ಯೋಗಿಗಳ ಡಬ್ಬಿಗಳು ನಮ್ಮ ಕಚೇರಿಯ ಮೊಗಸಾಲೆಯಲ್ಲೇ ಸಾಲಾಗಿ ಕುಳಿತಿರುತ್ತಿದ್ದವು.

ನಾಲ್ಕನೆಯದು ನಮ್ಮ ಮೇಜಿಗೇ ಸಂಬಂಧಿಸಿದ್ದು. ಸರತಿಯ ಸಾಲುಗಳ ವಿಷಯದಲ್ಲಿ ಅಮೆರಿಕದ ಜಾನ್ ಲಿಟ್ಲ್ ಎಂಬವರು 1961ರಲ್ಲಿ ಸಾಧಿಸಿ ತೋರಿಸಿದ ನಿಯಮವೊಂದಿದೆ. ಕಾದಿರುವವರ ಸಂಖ್ಯೆ ಎಂದರೆ ದಿನಕ್ಕೆ ಬರುವವರ ಸಂಖ್ಯೆಯನ್ನು ಒಬ್ಬೊಬ್ಬರು ನಿಲ್ಲುವ ದಿನಗಳಿಂದ ಗುಣಿಸಿದಷ್ಟು. ನಮ್ಮ ಕೆಲಸ ಬಿಲ್ಲುಗಳ ಪರಿಶೀಲನೆ. ದಿನಕ್ಕೆ 12 ಕಾಗದ ಬಂದು, ಒಂದೊಂದು 15 ದಿನ ನಿಂತರೆ ಮೇಜಿನ ಮೇಲೆ ಸದಾ 180 ಕಾಗದ ಇದ್ದೇ ತೀರುತ್ತವೆ. ಎಷ್ಟು ಬೆವರು ಸುರಿಸಿದರೂ ರಾಶಿ ಕರಗದೆಂಬ ನಮ್ಮ ಹಳೆಯ ಕೊರಗಿಗೆ ಕಾರಣ ಇದೇ. ಬರುವ ಕಾಗದವನ್ನು ನಾವು ತಡೆಯಲಾರೆವು. ನಿಲ್ಲುವ ದಿನಗಳನ್ನು ಕಡಮೆ ಮಾಡಬಹುದು. ಏತಕ್ಕೆ ನಿಲ್ಲುತ್ತವೆಂದು ಒಂದು ವಾರ ಬರೆದಿಟ್ಟುಕೊಂಡು ನೋಡಿದೆವು. ಹೆಚ್ಚಿನವು ಒಂದು ರಸೀದಿಯೋ ಒಂದು ಸಹಿಯೋ ಇಲ್ಲದ್ದರಿಂದ ಮರಳಿ ಹೋಗಬೇಕಾದವು. ಆದರೆ ಆ ಕೊರತೆ ಕಣ್ಣಿಗೆ ಬೀಳುತ್ತಿದ್ದುದು ಸರತಿ ಬಂದಾಗ, ಎಂದರೆ ಹತ್ತು ದಿನ ಕಳೆದ ಮೇಲೆ. ಬಂದ ದಿನವೇ ಲಗತ್ತುಗಳನ್ನು ಮಾತ್ರ ನೋಡಿ, ಕೊರತೆಯಿದ್ದವನ್ನು ಸಂಜೆಯೊಳಗೆ ಹಿಂದಿರುಗಿಸುವ ಪದ್ಧತಿ ಇಟ್ಟೆವು. ಮೂರು ತಿಂಗಳಲ್ಲಿ ರಾಶಿ ಕಣ್ಣಿಗೆ ಕಾಣುವಂತೆ ಇಳಿಯಿತು. ನಿವೃತ್ತಿಯಾದ ಜವಾನರೊಬ್ಬರು ತಮ್ಮ ವೈದ್ಯಕೀಯ ಬಿಲ್ಲಿನ ಹಣ ಬೇಗ ಬಂತೆಂದು ಪೇಡೆ ತಂದುಕೊಟ್ಟರು. ಗುಮಾಸ್ತಿಕೆಯ ಹನ್ನೆರಡು ವರ್ಷದಲ್ಲಿ, ನ್ಯಾಯವಾಗಿ ಆದ ಕೆಲಸಕ್ಕೆ ತಾವಾಗಿ ತಂದ ಸಿಹಿಯನ್ನು ನಾವು ಕಂಡದ್ದು ಅದೇ ಮೊದಲು. ವಿಭಾಗದವರೆಲ್ಲ ಹಂಚಿಕೊಂಡು ತಿಂದೆವು.

ಮನೆಯ ಲೆಕ್ಕ

ಇನ್ನು ಖರ್ಚಿನ ಮಾತು. ಶುಲ್ಕ ಒಟ್ಟು 2,40,000 ರೂಪಾಯಿ. ಪುಸ್ತಕ, ಪರೀಕ್ಷೆ, ಚಹಾ, ರೈಲುಗಾಡಿಯ ಹೆಚ್ಚಿನ ಖರ್ಚು ಸೇರಿ ಇನ್ನೊಂದು 20,000. ಇಷ್ಟು ಸಂಸ್ಥೆಯ ವಿವರಣಪತ್ರಿಕೆ ನೋಡಿದ ಯಾರಿಗೂ ಸಿಕ್ಕುವ ಲೆಕ್ಕ. ಆದರೆ ಅರ್ಥಶಾಸ್ತ್ರದ ಪುಸ್ತಕ ಇನ್ನೊಂದು ಬಗೆಯ ಖರ್ಚನ್ನೂ ಹೇಳುತ್ತದೆ. ಒಂದನ್ನು ಆರಿಸಿಕೊಂಡಾಗ ಅದರಿಂದಾಗಿ ಬಿಟ್ಟುಕೊಟ್ಟ ಇನ್ನೊಂದರ ಬೆಲೆಯೇ ಅದು. ಆ ಖರ್ಚಿಗೆ ರಸೀದಿ ಇರುವುದಿಲ್ಲ.

ವರ್ಷಕ್ಕೆ ಸುಮಾರು 40 ವಾರ, ವಾರಕ್ಕೆ ನಾಲ್ಕು ಸಂಜೆ; ಮೂರು ವರ್ಷಕ್ಕೆ 480 ಸಂಜೆಗಳು. ಆ ಸಂಜೆಗಳಲ್ಲಿ ಹುಡುಗನ ಲೆಕ್ಕದ ಮನೆಪಾಠ, ವಯಸ್ಸಾದ ನಮ್ಮ ತಾಯಿಯವರ ಔಷಧ, ಗ್ಯಾಸಿನವನು, ನಲ್ಲಿಯವನು, ಸೊಸೈಟಿಯ ಸಭೆ ಎಲ್ಲವನ್ನೂ ನಮ್ಮ ಮನೆಯವರೇ ನೋಡಿಕೊಂಡರು. ಅವರಿಗೆ ಮದುವೆಗೆ ಮೊದಲಿನಿಂದ ಬಿ.ಎಡ್. ಮಾಡಿ ಶಾಲೆಯಲ್ಲಿ ಗಣಿತ ಕಲಿಸಬೇಕೆಂಬ ಆಸೆ. ಹುಡುಗ ಶಾಲೆಗೆ ಸೇರಿದ ಮೇಲೆ ನೋಡೋಣವೆಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಹುಡುಗ ಶಾಲೆಗೆ ಸೇರಿದ ವರ್ಷವೇ ನಮ್ಮ ಪ್ರವೇಶಪರೀಕ್ಷೆಯ ಫಲ ಬಂದಿತು. ಒಂದು ಸಂಬಳದಲ್ಲಿ ಇಬ್ಬರ ಶುಲ್ಕ ಸಾಧ್ಯವಿರಲಿಲ್ಲ. ಇಬ್ಬರೂ ಹೊರಗಿದ್ದರೆ ತಾಯಿಯವರ ಬಳಿ ಯಾರೂ ಇರುವಂತಿರಲಿಲ್ಲ. ಅವರ ಓದು ಮುಂದಕ್ಕೆ ಹೋಯಿತು.

ಎರಡನೆಯ ವರ್ಷದ ಆರಂಭದಲ್ಲಿ ತಾಯಿಯವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆ, ಮೂರು ತಿಂಗಳ ಹಾಸಿಗೆ. ಕಚೇರಿಯ ರಜೆ ಕರಗಿತು, ಉಳಿತಾಯವೂ ಕರಗಿತು. ಓದು ಬಿಡುವುದೇ ಸರಿಯೆಂದು ಒಂದು ರಾತ್ರಿ ನಾವು ಹೇಳಿದೆವು. ಜೊತೆಗೇ ‘ಕಟ್ಟಿದ 80,000 ನೀರಿಗೆ ಹೋಯಿತಲ್ಲ’ ಎಂದು ಪೇಚಾಡಿದೆವು.

ಆಗ ನಮ್ಮ ಮನೆಯವರು ಹೇಳಿದ್ದು ಇಷ್ಟು. ‘ಕಟ್ಟಿದ ಹಣದ ಮಾತು ತೆಗೆಯಬೇಡಿ. ಅದು ಬಿಟ್ಟರೂ ಬಾರದು, ಓದಿದರೂ ಬಾರದು ಎಂದು ನೀವೇ ಹೋದ ತಿಂಗಳು ಹೇಳಿದ್ದಿರಿ. ಇನ್ನು ಮುಂದೆ ಏನು ಹಾಕಬೇಕು, ಏನು ಸಿಗುತ್ತದೆ, ಅದನ್ನು ಹೇಳಿ.’

ಮುಳುಗಿದ ವೆಚ್ಚವೆಂದು ಪುಸ್ತಕ ಕರೆಯುವ ಈ ಪಾಠವನ್ನು ನಾವು ಊಟದ ತಟ್ಟೆಯ ಮುಂದೆ ಅವರಿಗೆ ವಿವರಿಸಿದ್ದುದು ನಿಜ. ಒಮ್ಮೆ ಕೈಬಿಟ್ಟು ಮತ್ತೆ ಬಾರದ ಹಣವನ್ನು ಮುಂದಿನ ತೀರ್ಮಾನಕ್ಕೆ ಎಳೆದು ತರಬಾರದು ಎಂಬುದು ಅದರ ಸಾರ. ಪರೀಕ್ಷೆಯಲ್ಲಿ ಬರೆಯುವುದು ಸುಲಭ. ಆಸ್ಪತ್ರೆಯ ಬಿಲ್ಲು ಕೈಯಲ್ಲಿ ಹಿಡಿದಾಗ ನೆನಪಾಗುವುದು ಕಷ್ಟ. ಅವರಿಗೆ ನೆನಪಾಗಿತ್ತು.

ಲೆಕ್ಕ ಹಾಕಲು ಕುಳಿತೆವು. ಮುಂದೆ ಹಾಕಬೇಕಾದದ್ದು ಒಂದು ಲಕ್ಷ 60 ಸಾವಿರ ಮತ್ತು ಎರಡು ವರ್ಷದ ಸಂಜೆಗಳು. ಸಿಗುವುದೇನು? ನಮ್ಮ ಕಚೇರಿಯಲ್ಲಿ ಬಡ್ತಿ ಹಿರಿತನದಿಂದ, ಇಲಾಖೆಯ ಪರೀಕ್ಷೆಯಿಂದ; ಈ ಪದವಿಯಿಂದ ಸಂಬಳ ಒಂದು ರೂಪಾಯಿಯೂ ಏರದೆಂದು ಹೇಳಿದೆವು. ಮೇಜಿನ ಮೇಲಿನ ಕೆಲಸ ಮಾಡುವ ರೀತಿ ಬದಲಾಗಿದೆ, ಅದನ್ನು ಅರ್ಧಕ್ಕೆ ಬಿಡಲು ಮನಸ್ಸಿಲ್ಲ ಎಂದೂ ಹೇಳಿದೆವು. ಬಹಳ ಹೊತ್ತು ಅವರು ಮಾತಾಡಲಿಲ್ಲ. ಕೊನೆಗೆ ‘ಹಾಗಾದರೆ ಮುಗಿಸಿ. ಆರು ತಿಂಗಳು ತಡವಾದರೂ ಆಗಲಿ. ಅದಾದ ಮೇಲಿನ ಎರಡು ವರ್ಷ ನನ್ನವು. ಇದನ್ನೂ ಲೆಕ್ಕದಲ್ಲಿ ಬರೆಯಿರಿ’ ಎಂದರು. ಬರೆದೆವು. ಸಂಸ್ಥೆಯ ನಿಯಮದಲ್ಲಿ ಎರಡು ವಿಷಯಗಳನ್ನು ಮುಂದಿನ ಅವಧಿಗೆ ತಳ್ಳಲು ಅವಕಾಶವಿತ್ತು. ಮೂರು ವರ್ಷದ್ದು ಮೂರೂವರೆ ಆದದ್ದು ಹೀಗೆ. ತಾಯಿಯವರು ಈಗ ಕೋಲು ಹಿಡಿದು ಮನೆಯೊಳಗೆ ತಾವೇ ಓಡಾಡುತ್ತಾರೆ.

ಆದುದರಿಂದ ಎಷ್ಟು ಖರ್ಚಾಯಿತೆಂಬ ಪ್ರಶ್ನೆಗೆ ನಮ್ಮ ಉತ್ತರ ಎರಡು ಲಕ್ಷ 60 ಸಾವಿರ ರೂಪಾಯಿ, ಹಾಗೂ ಇನ್ನೊಬ್ಬರ ಓದಿನ ಮೂರೂವರೆ ವರ್ಷ. ಎರಡನೆಯ ಬಾಬನ್ನು ಬರೆಯದೆ ಈ ಲೆಕ್ಕ ತಾಳೆಯಾಗುವುದಿಲ್ಲ. ಹಗಲು ದುಡಿದು ರಾತ್ರಿ ಓದಿದವನಿಗೆ ಎಲ್ಲರೂ ಹಾರ ಹಾಕುತ್ತಾರೆ. ಆ ರಾತ್ರಿಗಳಲ್ಲಿ ಮನೆ ನಡೆಸಿದವರ ಹೆಸರು ಪ್ರಮಾಣಪತ್ರದಲ್ಲಿ ಇರುವುದಿಲ್ಲ. ಹೆಂಡತಿ ಓದಿದರೆ ಗಂಡನಿಗೂ, ಮಗ ಓದಿದರೆ ತಾಯಿತಂದೆಗಳಿಗೂ ಇದೇ ಮಾತು.

ಸಂಬಳ ಮತ್ತು ಸಲಹೆ

ಸಂಬಳ ಏರಿತೆ ಎಂಬುದಕ್ಕೆ ಉತ್ತರ ಮೇಲೆ ಬಂದೇ ಹೋಯಿತು. ಒಂದು ಮಾತು ಮಾತ್ರ ಸೇರಿಸಬಹುದು. ಕೇಂದ್ರ ಸರಕಾರದ ನೌಕರರು ಸೇವೆಯಲ್ಲಿದ್ದು ಹೆಚ್ಚಿನ ಪದವಿ ಪಡೆದರೆ ಒಮ್ಮೆ ಮಾತ್ರ ಕೊಡುವ ಪ್ರೋತ್ಸಾಹಧನವೊಂದುಂಟು. 2019ರ ಆದೇಶದಲ್ಲಿ, ಒಂದು ವರ್ಷಕ್ಕೆ ಮೀರಿದ ಸ್ನಾತಕೋತ್ತರ ಪದವಿಗೆ 25,000 ರೂಪಾಯಿ ಎಂದು ಗೊತ್ತುಮಾಡಿದರು. ಆದರೆ ಓದಿದ ವಿಷಯ ನೌಕರನ ಕೆಲಸಕ್ಕೆ ನೇರವಾಗಿ ಸಂಬಂಧಪಟ್ಟಿರಬೇಕು. ನಮ್ಮ ಅರ್ಜಿ ಈಗ ಕಡತದಲ್ಲಿದೆ. ಅದು ಯಾವ ಮೇಜಿನ ಮೇಲೆ ಎಷ್ಟು ದಿನ ನಿಂತಿದೆಯೆಂದು ಲಿಟ್ಲ್ ಅವರ ನಿಯಮದಂತೆ ಲೆಕ್ಕ ಹಾಕುತ್ತಿದ್ದೇವೆ.

ಮಾರಾಟ, ಬ್ಯಾಂಕು, ಸಾಫ್ಟ್‌ವೇರುಗಳಲ್ಲಿದ್ದ ನಮ್ಮ ಸಹಪಾಠಿಗಳಲ್ಲಿ ಕೆಲವರಿಗೆ ಹೊಸ ಹುದ್ದೆ ಸಿಕ್ಕಿತು, ಕೆಲವರಿಗೆ ಸಿಕ್ಕಲಿಲ್ಲ. ಪದವಿಯೊಂದೇ ಯಾರನ್ನೂ ಎತ್ತಿ ಮೇಲೆ ಕೂರಿಸದು. ಆದುದರಿಂದ ಸೇರಬೇಕೆನ್ನುವವರು ಕೆಲವು ಸಂಗತಿಗಳನ್ನು ಮೊದಲೇ ನೋಡಿಕೊಳ್ಳಬೇಕು.

‘ಎಕ್ಸಿಕ್ಯುಟಿವ್’ ಎಂಬ ಹೆಸರಿನಲ್ಲಿ ಆರು ತಿಂಗಳ, ಒಂದು ವರ್ಷದ ಪ್ರಮಾಣಪತ್ರದ ಪಾಠಗಳೂ ಬಹಳ ಮಾರಾಟಕ್ಕಿವೆ. ಪ್ರಮಾಣಪತ್ರ ಬೇರೆ, ಡಿಪ್ಲೊಮಾ ಬೇರೆ, ಪದವಿ ಬೇರೆ. ಐ.ಐ.ಎಂ.ಗಳಿಗೇ ಪದವಿ ಕೊಡುವ ಅಧಿಕಾರ ಬಂದದ್ದು 2017ರ ಕಾಯಿದೆಯಿಂದ. ಅದಕ್ಕೆ ಮೊದಲು ಅವು ಕೊಡುತ್ತಿದ್ದುದು ಡಿಪ್ಲೊಮಾ. ಅಂಚೆಯ ಮೂಲಕವೋ ಅಂತರ್ಜಾಲದ ಮೂಲಕವೋ ಓದುವುದಾದರೆ, ಆ ವಿಶ್ವವಿದ್ಯಾಲಯಕ್ಕೆ ಆ ವರ್ಷ ಆ ಪಾಠಕ್ರಮಕ್ಕೆ ಯು.ಜಿ.ಸಿ.ಯ ಅನುಮತಿ ಇದೆಯೇ ಎಂಬುದನ್ನು ಅದರ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ಸ್ವತಃ ನೋಡಬೇಕು. ಅನುಮತಿಯುಳ್ಳ ಸಂಸ್ಥೆಯಿಂದ ಹೀಗೆ ಪಡೆದ ಪದವಿಯು ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನವೆಂದು ಯು.ಜಿ.ಸಿ. 2022ರಲ್ಲಿ ಸ್ಪಷ್ಟಪಡಿಸಿದೆ. ಸರಕಾರಿ ನೌಕರರು ಶುಲ್ಕ ಕಟ್ಟುವ ಮೊದಲೇ ಇಲಾಖೆಯ ಅನುಮತಿಯನ್ನು ಬರಹದಲ್ಲಿ ಪಡೆಯತಕ್ಕದ್ದು.

ಇವೆಲ್ಲಕ್ಕಿಂತ ಮೊದಲು ಮನೆಯವರೆಲ್ಲ ಒಂದು ಸಂಜೆ ಕುಳಿತು ಲೆಕ್ಕ ಹಾಕಬೇಕು. ಯಾರ ಸಂಜೆ ಹೋಗುತ್ತದೆ, ಯಾರ ಓದು ಮುಂದಕ್ಕೆ ಹೋಗುತ್ತದೆ, ಅವರ ಸರತಿ ಯಾವ ವರ್ಷ ಬರುತ್ತದೆ? ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಬರೆದಿಡಬೇಕು. ಓದುವವರು ತಾವು ಕಲಿತದ್ದನ್ನು ಮನೆಯಲ್ಲಿ ಕನ್ನಡದಲ್ಲಿ ಹೇಳಬೇಕೆಂಬುದು ನಮ್ಮ ಅನುಭವದ ಮಾತು. ಹೇಳಿದವರಿಗೂ ಕೇಳಿದವರಿಗೂ ಅದರಿಂದ ಲಾಭವಿದೆ.

ನಮ್ಮ ಸಂಘಕ್ಕೂ ಒಂದು ಬಿನ್ನಹ. ಹಿಂದಿನವರು ರಾತ್ರಿಶಾಲೆ ನಡೆಸಿದರು. ಇಂದು ಅಕ್ಷರ ಕಲಿಸುವ ಅಗತ್ಯ ಅಷ್ಟಾಗಿ ಇಲ್ಲ. ಆದರೆ ಎರಡು ಕೋಣೆಯ ಮನೆಯಲ್ಲಿ ಐದು ಜನರ ನಡುವೆ ಪರೀಕ್ಷೆಗೆ ಓದುವವರು ಪ್ರತಿ ಬಡಾವಣೆಯಲ್ಲೂ ಇದ್ದಾರೆ. ಸಂಘದ ಸಭಾಂಗಣ ವಾರದ ಹೆಚ್ಚು ದಿನ ಬೀಗ ಹಾಕಿಯೇ ಇರುತ್ತದೆ. ಸಂಜೆ ಏಳರಿಂದ ಹತ್ತರ ತನಕ ಎರಡು ಮೇಜು, ನಾಲ್ಕು ದೀಪ, ಓದಿ ಮುಗಿಸಿದವರು ಕೊಟ್ಟ ಪುಸ್ತಕಗಳ ಒಂದು ಕಪಾಟು ಇದ್ದರೆ ಸಾಕು. ನಮ್ಮ ಪುಸ್ತಕಗಳನ್ನೆಲ್ಲ ಕಟ್ಟಿ ಇಟ್ಟಿದ್ದೇವೆ. ಕಾರ್ಯಕಾರಿ ಸಮಿತಿಯವರು ಹೇಳಿದ ದಿನ ತಂದುಕೊಡುತ್ತೇವೆ.

ನಮ್ಮ ಮನೆಯವರು ಬಿ.ಎಡ್. ಪ್ರವೇಶಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದಾರೆ. ಎರಡು ವರ್ಷದ ಓದು; ಮುಂದಿನ ತಿಂಗಳಿನಿಂದ ತರಗತಿ. ತಾಯಿಯವರ ಜೊತೆಗೆ ಹಗಲು ಇರಲು ಪಕ್ಕದ ಮನೆಯ ಅಜ್ಜಿಯೊಬ್ಬರು ಒಪ್ಪಿದ್ದಾರೆ. ಬೆಳಗಿನ ಅಡಿಗೆ, ಹುಡುಗನ ಡಬ್ಬಿ, ಸಂಜೆಯ ಮನೆಪಾಠ ನಮ್ಮ ಪಾಲಿಗೆ ಬಂದಿವೆ. ಸಾರಿಗೆ ಉಪ್ಪೆಷ್ಟು, ಹುಳಿಯೆಷ್ಟು ಎಂಬುದನ್ನು ಅವರು ಒಂದು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿದ್ದಾರೆ.